ಕೇಳಿದವರು ನಮ್ಮತ್ತೆ

ಮಾರ್ಚ್ ೪, ಸೋಮವಾರ

ರೆಕಾರ್ಡ್ ಪ್ಲೇಯರಿಗೆ ಹೊಸ ಸೂಜಿ ಬಂತು. ಹಳೆಯದನ್ನು ಇಷ್ಟು ದಿನ ಸಹಿಸಿಕೊಂಡಿದ್ದಕ್ಕೆ ನನ್ನನ್ನೇ ಬೈದುಕೊಂಡೆ. ಬೆಳಗಿನಿಂದ ಒಂದು ರಾಶಿ ಏಳಿಂಚಿನ ರೆಕಾರ್ಡುಗಳನ್ನು ಹಾಕಿ ಕೇಳಿದೆ. ಒಂದರಲ್ಲೂ ಚಟ್ ಇಲ್ಲ, ಪಟ್ ಇಲ್ಲ. ಪಂಕ್ ಸಂಗೀತದ ರೆಕಾರ್ಡುಗಳು ಇಷ್ಟು ಚೊಕ್ಕವಾಗಿ ಸಿಗುವುದೆಂದರೆ ಸೋಜಿಗವೇ ಸರಿ. ಮೂರೇ ಸ್ವರ, ಎರಡೇ ನಿಮಿಷ, ಒಂದೇ ಸಿಟ್ಟು, ಇಷ್ಟು ಸೇರಿದರೆ ಪಂಕ್. ಹರೆಯದಲ್ಲಿ ಅದನ್ನು ಕೇಳುತ್ತಿದ್ದ ನಾವೆಲ್ಲ ರೆಕಾರ್ಡಿನ ಮೇಲೆ ಲೋಟ ಇಡುತ್ತಿದ್ದೆವು, ಕವರಿಗೆ ಗುಂಡುಪಿನ್ನು ಚುಚ್ಚಿ ಗೋಡೆಗೆ ನೇತುಹಾಕುತ್ತಿದ್ದೆವು. ಹಾಗಾಗಿ ಚೊಕ್ಕದೊಂದು ಪ್ರತಿ ಸಿಕ್ಕಿತೆಂದರೆ ಒಂದೋ ಅದನ್ನು ಯಾರೂ ಕೇಳಿಲ್ಲ, ಇಲ್ಲವೇ ಅದು ನಕಲಿ.

ಇವು ನಕಲಿಯಲ್ಲ. ಕವರು ಕೈಯಲ್ಲೇ ಮಡಿಸಿದ ಜೆರಾಕ್ಸ್ ಹಾಳೆ, ಪಿನ್ನು ಹೊಡೆದಲ್ಲಿ ತುಕ್ಕು. ದೀಪದ ಕೆಳಗೆ ಓರೆಯಾಗಿ ಹಿಡಿದು ಗೀರು ನೋಡಿದೆ, ಗೀರಿನ ಮೇಲೆ ಉಗುರು ಆಡಿಸಿ ಆಳ ನೋಡಿದೆ. ಕಣ್ಣಿಗೆ ಸುಮಾರಾಗಿ ಕಂಡವೂ ಕಿವಿಗೆ ಚೆನ್ನಾಗಿಯೇ ಇದ್ದವು. ಹಾಡು ಜೋರಾಗಿರುವಾಗ ಏನೂ ತಿಳಿಯುವುದಿಲ್ಲ. ಹಾಡು ಶುರುವಾಗುವ ಮುಂಚೆ, ಎರಡು ಹಾಡುಗಳ ನಡುವೆ ಸ್ವಲ್ಪ ಮೌನ ಇರುತ್ತದಲ್ಲ, ಅಲ್ಲಿ ರೆಕಾರ್ಡಿನ ಬಂಡವಾಳ ಬಯಲಾಗುತ್ತದೆ. ಇವತ್ತು ಅಲ್ಲೆಲ್ಲ ಬರೀ ಮೌನ. ಧಾರಾಳವಾಗಿ ‘ನಿಯರ್ ಮಿಂಟ್’, ಅಂದರೆ ಹೊಸದರಂತೆಯೇ ಇದೆ, ಎಂದು ಬರೆದೆ. ಅದಕ್ಕಿಂತ ಮೇಲಿನ ದರ್ಜೆಯನ್ನು ನಾನು ಯಾವುದಕ್ಕೂ ಕೊಡುವುದಿಲ್ಲ. ಅದರ ಕೆಳಗೆ ವಿಜಿ ಪ್ಲಸ್, ಆಮೇಲೆ ವಿಜಿ ಅಂದರೆ ‘ವೆರಿ ಗುಡ್’, ಎಲ್ಲಕ್ಕಿಂತ ಕೆಳಗೆ ‘ಗುಡ್’. ಹಳೆಯ ರೆಕಾರ್ಡು ಮಾರುವ ನಮ್ಮ ವ್ಯಾಪಾರದಲ್ಲಿ ಗುಡ್ ಎಂದರೆ ಯಾರಿಗೂ ಬೇಡದ್ದು. ಕೊಳ್ಳುವವರು ಎಲ್ಲೆಲ್ಲೋ ಇರುತ್ತಾರೆ, ರೆಕಾರ್ಡನ್ನು ಕಂಡಿರುವುದಿಲ್ಲ. ನಾನು ಬರೆದ ಎರಡಕ್ಷರ ನಂಬಿ ಕೊಳ್ಳುತ್ತಾರೆ. ಆ ನಂಬಿಕೆ ಬಿಟ್ಟರೆ ಈ ಅಂಗಡಿಯಲ್ಲಿ ಇನ್ನೇನೂ ಇಲ್ಲ.

ಅತ್ತೆ ಚಹಾ ತಂದು ಮೇಜಿನ ಮೇಲೆ ಇಟ್ಟು ಹೋದರು, ಮಾತಿಲ್ಲ ಕತೆಯಿಲ್ಲ. ಅವರ ಮಗ, ನನ್ನ ಗಂಡ, ತೀರಿಹೋಗಿ ಮೂರು ವರ್ಷವಾಯಿತು. ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ಬೀದಿ ಕಡೆಯ ಕೋಣೆಯನ್ನು ನಾನು ಅಂಗಡಿ ಮಾಡಿಕೊಂಡದ್ದಕ್ಕೆ ಮುನಿಸಿರಬೇಕು. ಮುನಿಯಲಿ. ಚಹಾ ಮಾತ್ರ ಚೆನ್ನಾಗಿತ್ತು.

ಮಾರ್ಚ್ ೧೪, ಗುರುವಾರ

ಹಲ್ಲು ಡಾಕ್ಟರು ಫೋನು ಮಾಡಿದ್ದರು. ನನ್ನ ಹಳೆಯ ಗಿರಾಕಿ. ಹಗಲೆಲ್ಲ ಜನರ ಹಲ್ಲು ಕೊರೆಯುವವರು, ಸಂಜೆ ಮನೆಗೆ ಹೋಗಿ ಪಂಕ್ ಕೇಳುತ್ತಾರೆ. ಕೊರೆಯುವ ಸದ್ದು ಸಾಲದೇನೋ.

“ಮೇಡಂ, ನೀವು ಕಳಿಸಿದ್ದು ನಿಯರ್ ಮಿಂಟ್ ಅಂತಾನಾ?”

“ಹೌದು ಡಾಕ್ಟ್ರೇ. ಯಾಕೆ?”

“ಬಾಣಲೆಗೆ ಸಾಸಿವೆ ಹಾಕಿದ ಹಾಗೆ ಸಿಡೀತಾ ಇದೆ.”

ನಿಮ್ಮ ಸೂಜಿ ಸವೆದಿರಬೇಕು ಎಂದೆ. ಅವರೂ ಹೊಸ ಸೂಜಿ ಹಾಕಿದ್ದಾರಂತೆ. ಹಾಗಾದರೆ ಸೂಜಿಯ ತೂಕ ಸರಿಯಾಗಿ ಕೂರಿಸಿಲ್ಲ ಎಂದೆ. ಅದಕ್ಕೆ ಅವರು ಏನೋ ಗೊಣಗಿದರು. ಈಚೆಗೆ ಎಲ್ಲರೂ ಗೊಣಗುವವರೇ, ಬಾಯಿ ಬಿಟ್ಟು ಮಾತಾಡುವವರೇ ಇಲ್ಲ. ಹಿಂದಕ್ಕೆ ಕಳಿಸಿ ಎಂದು ಫೋನಿಟ್ಟೆ. ಕುಣಿಯಲಾರದವರಿಗೆ ನೆಲ ಡೊಂಕು.

ಮಾರ್ಚ್ ೧೬, ಶನಿವಾರ

ಡಾಕ್ಟರ ರೆಕಾರ್ಡು ವಾಪಸು ಬಂತು. ಅದರ ಜೊತೆಗೆ ಇನ್ನೊಬ್ಬರಿಂದ ಇನ್ನೊಂದು, ಅದೇ ದೂರು. ಇಬ್ಬರೂ ಮಾತಾಡಿಕೊಂಡಿದ್ದಾರೋ ಏನೋ ಎಂದು ಅನುಮಾನ ಬಂತು. ಸಿಟ್ಟಿನಲ್ಲೇ ಹಾಕಿ ಕೇಳಿದೆ. ಮೊದಲಿನ ಮೌನ, ಆಮೇಲೆ ಡ್ರಮ್ಮು, ಆಮೇಲೆ ಕಿರುಚಾಟ. ಎಲ್ಲ ಸರಿಯಾಗಿದೆ. ಇನ್ನೊಮ್ಮೆ ಹಾಕಿದೆ, ಸರಿಯಾಗಿಯೇ ಇದೆ. ಡಾಕ್ಟರಿಗೆ ಹೇಳಬೇಕಾದ ಖಾರದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ಒಗೆದ ಬಟ್ಟೆಯ ಬುಟ್ಟಿ ಹಿಡಿದು ಅತ್ತೆ ಆ ಕಡೆಯಿಂದ ಹೋಗುತ್ತಿದ್ದವರು ಬಾಗಿಲಲ್ಲಿ ನಿಂತರು. ಅವರಾಗಿಯೇ ಮಾತಾಡಿದ್ದು ಎಷ್ಟು ಕಾಲಕ್ಕೋ.

“ಅದೇನಮ್ಮಾ ಆ ಪ್ಲೇಟು, ಒಣಕಡ್ಡಿ ತುಳಿದ ಹಾಗೆ ಚಟಚಟ ಅಂತಿದೆ?”

“ಎಲ್ಲಿ?”

“ಎಲ್ಲಿ ಅಂದ್ರೆ? ಈಗ. ಇದೋ, ಈಗ.”

ಅವರು ಬುಟ್ಟಿ ಎತ್ತಿಕೊಂಡು ಹೊರಟುಹೋದರು.

ಮಾರ್ಚ್ ೧೭, ಭಾನುವಾರ

ಅಂಗಡಿ ತೆರೆಯಲಿಲ್ಲ. ಬರೆಯುವುದು ಏನೂ ಇಲ್ಲ.

ಮಾರ್ಚ್ ೧೮, ಸೋಮವಾರ

ಅತ್ತೆಯನ್ನು ಕರೆದು ಕುರ್ಚಿಯಲ್ಲಿ ಕೂರಿಸಿದೆ. “ಚಟ್ ಅಂದಾಗೆಲ್ಲ ಬೆರಳೆತ್ತಿ ಅತ್ತೆ,” ಎಂದೆ. ಯಾಕೆ ಎತ್ತ ಎಂದು ಕೇಳಲಿಲ್ಲ. ಹೆರಿಗೆ ವಾರ್ಡಿನಲ್ಲಿ ದಾದಿಯಾಗಿದ್ದವರು, ಎಪ್ಪತ್ತು ದಾಟಿದ್ದರೂ ಮೂರು ಕೋಣೆ ಆಚೆ ಮಗು ಮಗ್ಗುಲು ಬದಲಿಸಿದ್ದು ತಿಳಿಯುತ್ತದೆ ಎಂದು ಅವರ ಮಗ ಹೇಳುತ್ತಿದ್ದರು. ನಾನು ನಂಬಿರಲಿಲ್ಲ.

ಸೂಜಿ ಇಳಿಸಿದೆ. ನನಗೆ ಮೌನ. ಅತ್ತೆಯ ಬೆರಳು ಎದ್ದಿತು. ಇಳಿಯಿತು, ಎದ್ದಿತು, ಮತ್ತೆ ಎದ್ದಿತು. ಕೊನೆಗೆ ಅವರು ಬೆರಳನ್ನು ಇಳಿಸುವುದನ್ನೇ ಬಿಟ್ಟು ಹಾಗೇ ಹಿಡಿದುಕೊಂಡು ಕೂತರು. ನಾನು ‘ನಿಯರ್ ಮಿಂಟ್’ ಎಂದು ಬರೆದ ರಾಶಿಯಿಂದ ಇನ್ನೊಂದು ತೆಗೆದೆ, ಮತ್ತೊಂದು ತೆಗೆದೆ. ಎಲ್ಲದಕ್ಕೂ ಆ ಬೆರಳು.

ಹಾಡು ಕೇಳುತ್ತದೆ. ಬೇಸ್ ಕೇಳುತ್ತದೆ, ಡ್ರಮ್ಮು ಎದೆಗೇ ಬಡಿಯುತ್ತದೆ. ಸಣ್ಣ ಸದ್ದು ಮಾತ್ರ ನನ್ನನ್ನು ಬಿಟ್ಟು ಹೋಗಿದೆ. ಸೂಜಿಯನ್ನು ಹೊಗಳಿದ್ದೆ, ಡಾಕ್ಟರನ್ನು ಬೈದಿದ್ದೆ. ಹೆದರಿಕೆಯಾಗುತ್ತಿದೆ. ಕಿವಿ ಇಲ್ಲದೆ ನಾನು ಏನು ಮಾರಲಿ? ಬೇರೆ ಯಾವ ಕೆಲಸವೂ ನನಗೆ ಬರುವುದಿಲ್ಲ, ಬೇರೆ ಯಾವುದನ್ನೂ ನಾನು ಇಷ್ಟು ಪ್ರೀತಿಸಿಲ್ಲ.

“ಕೆಟ್ಟಿದ್ಯಾ ಪ್ಲೇಟು?” ಎಂದರು ಅತ್ತೆ.

“ಪ್ಲೇಟಲ್ಲ ಅತ್ತೆ,” ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಎದ್ದು ಹೋಗಿ ಚಹಾ ತಂದರು. ಅದು ಚಹಾದ ಹೊತ್ತಲ್ಲ.

ಮಾರ್ಚ್ ೨೩, ಶನಿವಾರ

ಕಷ್ಟ ಒಂಟಿಯಾಗಿ ಬರುವುದಿಲ್ಲ, ಆಸೆಯನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ಮೊಳೆಯ ಫೋನು ಬಂದಿತ್ತು. ಹರೆಯದಲ್ಲಿ ನಮ್ಮ ಊರಿನ ಒಂದೇ ಒಂದು ಪಂಕ್ ತಂಡದಲ್ಲಿ ಬೇಸ್ ಗಿಟಾರು ನುಡಿಸುತ್ತಿದ್ದವನು. ಕಡ್ಡಿಯಂತೆ ಇದ್ದ, ಕೂದಲು ನೆಟ್ಟಗೆ ನಿಲ್ಲಿಸುತ್ತಿದ್ದ, ಅದಕ್ಕೇ ಮೊಳೆ. ಈಗ ಕೊಳಾಯಿ ರಿಪೇರಿ ಮಾಡಿ ಮಾಡಿ ಮೊಣಕಾಲು ಹೋಗಿದೆ. ಮಹಡಿ ಮನೆ ಬಿಟ್ಟು ಕೆಳಗಿನ ಅಂತಸ್ತಿನ ಒಂದು ಕೋಣೆಗೆ ಹೋಗುತ್ತಾನಂತೆ. ರೆಕಾರ್ಡಿನ ಕಪಾಟಿಗೆ ಅಲ್ಲಿ ಜಾಗವಿಲ್ಲ, ಮಾರಿಬಿಡುತ್ತಾನಂತೆ.

“ಬೇರೆಯವರೂ ಕೇಳಿದ್ರು ಕಣೇ. ಕೊಡಲ್ಲ ಅಂದೆ. ನಿನ್ನ ಕಿವಿ ಮೇಲೆ ನನಗೆ ನಂಬಿಕೆ. ಇಲ್ಲೇ ಬಂದು, ಒಂದೊಂದನ್ನೂ ನನ್ನೆದುರಿಗೇ ಹಾಕಿ ಕೇಳಿ, ದರ್ಜೆ ಬರೆದು ತಗೊಂಡು ಹೋಗು.”

ಅಂಥ ಕಪಾಟು ಜೀವಮಾನದಲ್ಲಿ ಒಮ್ಮೆ ಸಿಗುವುದು. ಬರುತ್ತೇನೆ ಎಂದುಬಿಟ್ಟೆ. ಆಮೇಲೆ ಹಿತ್ತಿಲ ಬಾಗಿಲಲ್ಲಿ ಬಟ್ಟೆ ಮಡಿಸುತ್ತಿದ್ದ ಅತ್ತೆಯ ಮುಂದೆ ಹೋಗಿ ನಿಂತೆ. ಶಾಲೆಗೆ ತಡವಾಗಿ ಹೋದ ಹುಡುಗಿಯ ಹಾಗಾಯಿತು. ಕಿವಿಯ ವಿಷಯ ಹೇಳಿದೆ, ಯಾರಿಗೂ ಗೊತ್ತಾಗಬಾರದು ಎಂದೂ ಹೇಳಿದೆ.

“ನನ್ನನ್ನು ಕರ್ಕೊಂಡು ಹೋಗ್ತೀಯಾ?” ಎಂದರು. ಅದನ್ನು ಅವರು ಹೇಳಿದ ರೀತಿಗೆ ನನಗೆ ಯಾಕೋ ಕಸಿವಿಸಿಯಾಯಿತು.

ಮಾರ್ಚ್ ೩೦, ಶನಿವಾರ

ವಾರವೆಲ್ಲ ಅತ್ತೆಗೆ ಪಾಠ. ಚಟ್ ಎಂದರೆ ಧೂಳು, ಪಟ್ ಎಂದರೆ ಗೀರು, ಒಂದೇ ತಾಳಕ್ಕೆ ಬಡಿದರೆ ಆಳದ ಗೀರು, ಸುಂಯ್ ಎಂದರೆ ಸವೆತ. ಒಂದು ಸಲ ಹೇಳಿದರೆ ಸಾಕು. ಅಂಟಿನ ಸ್ನಾನವನ್ನೂ ತೋರಿಸಿದೆ, ಮರಕ್ಕೆ ಹಚ್ಚುವ ಬಿಳಿ ಅಂಟನ್ನು ರೆಕಾರ್ಡಿನ ಮೇಲೆ ಬಳಿದು, ಒಣಗಿದ ಮೇಲೆ ಪೊರೆಯಂತೆ ಸುಲಿದರೆ ಧೂಳೆಲ್ಲ ಅದರ ಜೊತೆ ಬರುತ್ತದೆ. ಸುಲಿಯುವ ಕೆಲಸವನ್ನು ಅತ್ತೆ ನನ್ನ ಕೈಯಿಂದ ಕಿತ್ತುಕೊಂಡರು.

ಹಾಡಿನ ಬಗ್ಗೆಯೂ ಅಭಿಪ್ರಾಯ ಶುರುವಾಗಿದೆ. “ಈ ಹುಡುಗ ಯಾಕೆ ಹೀಗೆ ಕಿರುಚ್ತಾನೆ? ಯಾರೂ ಊಟ ಹಾಕಿಲ್ವಾ?”

“ಕೆಲಸ ಇಲ್ಲ, ಮನೆ ಇಲ್ಲ, ಯಾರೂ ನನ್ನ ಮಾತು ಕೇಳಲ್ಲ ಅಂತ ಹಾಡ್ತಾನೆ ಅತ್ತೆ.”

“ಮತ್ತೆ ಕಿರುಚದೆ ಏನು ಮಾಡ್ತಾನೆ ಪಾಪ. ಇನ್ನೊಂದ್ಸಲ ಹಾಕು.”

‘ಗುಡ್’ ಎಂದರೆ ಕೆಟ್ಟದ್ದು ಎಂದಾಗ ಬಹಳ ನಕ್ಕರು. ಅವರು ನಕ್ಕದ್ದನ್ನು ಯಾಕೆ ಬರೆಯುತ್ತಿದ್ದೇನೋ, ಬರೆಯಬೇಕಾದದ್ದು ಬೇರೆ ಇತ್ತು. ಸಂಕೇತ ಗೊತ್ತುಮಾಡಿಕೊಂಡೆವು. ಬೆರಳೆತ್ತಿದರೆ ಮೊಳೆಗೆ ತಿಳಿದುಬಿಡುತ್ತದೆ. ಚಟ್ ಎಂದಾಗ ಅತ್ತೆ ಕೆಮ್ಮಬೇಕು.

ಏಪ್ರಿಲ್ ೬, ಶನಿವಾರ

ಮಾನ ಹೋಯಿತು.

ಮೊಳೆಯ ಮನೆಯಲ್ಲಿ ಕಪಾಟಿನ ಎದುರು ಮೂರು ಕುರ್ಚಿ ಹಾಕಿದ್ದ. ಮನೆಯಲ್ಲಿ ಒಬ್ಬರೇ ಇರಲು ಅತ್ತೆಗೆ ಬೇಜಾರು, ಅದಕ್ಕೆ ಕರೆತಂದೆ ಎಂದೆ. ಅವನು ಅವರಿಗೆ ಮೆತ್ತೆ ತಂದುಕೊಟ್ಟ. ಕಪಾಟಿನಿಂದ ಒಂದೊಂದನ್ನೇ ಎಳೆದು ನೋಡಿದೆ. ಕೆಲವು ಇವೆ ಎಂದು ಕೇಳಿದ್ದೆನೇ ಹೊರತು ಕಂಡಿರಲಿಲ್ಲ. ಲೇಬಲ್ಲಿನ ಜಾಗದಲ್ಲಿ ರಬ್ಬರ್ ಮುದ್ರೆ, ಲೇಬಲ್ಲಿನ ಸುತ್ತ ಹಾಡಿಲ್ಲದ ಪಟ್ಟಿಯಲ್ಲಿ ಯಾರೋ ಗುಂಡುಪಿನ್ನಿನಿಂದ ಗೀಚಿದ ಪೋಲಿ ಮಾತು.

ಮೊದಲ ರೆಕಾರ್ಡಿಗೆ ಅತ್ತೆ ಒಮ್ಮೆ ಕೆಮ್ಮಿದರು. ವಿಜಿ ಪ್ಲಸ್ ಎಂದೆ. “ಭೇಷ್, ನಾನೂ ಅದನ್ನೇ ಅಂದ್ಕೊಂಡಿದ್ದೆ,” ಎಂದ ಮೊಳೆ. ಎರಡನೆಯದಕ್ಕೆ ಒಂದಿಷ್ಟು ಕೆಮ್ಮು. ಮೊಳೆ ಎದ್ದು ಕಿಟಕಿ ಮುಚ್ಚಿದ. ಮೂರನೆಯದಕ್ಕೆ ಬಿಸಿನೀರು ತಂದ. ನಾಲ್ಕನೆಯದು ಅವನದೇ ತಂಡದ ರೆಕಾರ್ಡು, ಊರೂರು ಸುತ್ತಿ ಸವೆದದ್ದು. ಸೂಜಿ ಇಳಿದದ್ದೇ ತಡ, ಅತ್ತೆಗೆ ಉಸಿರಾಡಲೂ ಬಿಡುವಿಲ್ಲ. ಖೊಕ್ಕ್ ಖೊಕ್ಕ್ ಎಂದು ಮುಖವೆಲ್ಲ ಕೆಂಪು. ಮೊಳೆ ಗಾಬರಿಯಾಗಿ ರೆಕಾರ್ಡು ನಿಲ್ಲಿಸಿದ.

“ಅಮ್ಮಾ, ಡಾಕ್ಟ್ರನ್ನ ಕರೀಲಾ?”

“ನನಗೇನೂ ಆಗಿಲ್ಲಪ್ಪ,” ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ. “ಕೆಮ್ಮು ಬಂದಿರೋದು ನಿನ್ನ ಪ್ಲೇಟಿಗೆ.”

ಮೊಳೆ ಅವರನ್ನು ನೋಡಿದ, ನನ್ನನ್ನು ನೋಡಿದ. ಹೇಳದೆ ವಿಧಿಯಿರಲಿಲ್ಲ, ಎಲ್ಲ ಹೇಳಿದೆ. ಹೇಳುವಾಗ ತಲೆ ಎತ್ತಲಾಗಲಿಲ್ಲ.

ಅವನು ಬಲಗಿವಿಯ ಹಿಂದಿನಿಂದ ಹುರುಳಿಕಾಳಿನಷ್ಟು ದೊಡ್ಡ ಕಿವಿ ಮಿಷನ್ ತೆಗೆದು ಅಂಗೈಯಲ್ಲಿ ಇಟ್ಟುಕೊಂಡ. ವರ್ಷಗಟ್ಟಲೆ ಆಂಪ್ಲಿಫೈಯರಿನ ಪಕ್ಕ ನಿಂತ ಫಲವಂತೆ. “ನಿನ್ನ ಕಿವಿ ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ ಕಣೇ. ನಮ್ಮಂಥವರ ಕಿವಿ ಹೋಗದೆ ಇನ್ಯಾರದು ಹೋಗತ್ತೆ? ನನ್ನೆದುರಿಗೆ ಕೂತು ಕೆಮ್ಮಿಸಿದೆಯಲ್ಲ, ಅದಕ್ಕೆ ಬೇಜಾರು.”

“ತಪ್ಪಾಯ್ತು.”

“ಮೊದಲು ಕಿವಿ ತೋರಿಸ್ಕೋ. ಆಮೇಲೆ ಇಷ್ಟು ದಿನ ಯಾರ್ಯಾರಿಗೆ ತಪ್ಪು ದರ್ಜೆ ಬರೆದು ಕಳಿಸಿದೀಯೋ ಅವರಿಗೆ ನಿಜ ಹೇಳು. ಅಲ್ಲೀವರೆಗೆ ಈ ಕಪಾಟು ಮುಟ್ಟಬೇಡ.”

ಬಸ್ಸಿನಲ್ಲಿ ಅತ್ತೆ ಪಿಸುಗುಟ್ಟಿದ್ದು ಕೇಳಿಸಲಿಲ್ಲ. ತಿರುಗಿ ಅವರ ಬಾಯಿ ನೋಡಿದೆ. “ನನ್ನಿಂದ ಕೆಟ್ಟಿತು ನಿನ್ನ ಕೆಲಸ,” ಎನ್ನುತ್ತಿದ್ದರು. ಇಲ್ಲ ಎಂದು ತಲೆಯಾಡಿಸಿದೆ. ಕೈ ಹಿಡಿದುಕೊಂಡರು, ಇಳಿಯುವವರೆಗೂ ಬಿಡಲಿಲ್ಲ. ಬಸ್ಸು ಕುಲುಕುತ್ತಿತ್ತು, ಅದಕ್ಕಿರಬೇಕು.

ಏಪ್ರಿಲ್ ೯, ಮಂಗಳವಾರ

ಕಿವಿ ಪರೀಕ್ಷೆ ಆಯಿತು. ಚಿಕ್ಕ ಗೂಡಿನಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿ ಎಂದಳು ಪರೀಕ್ಷೆ ಮಾಡುವಾಕೆ. ಗಾಜಿನಾಚೆ ಅತ್ತೆ ಪರ್ಸು ಎದೆಗವಚಿಕೊಂಡು ಕೂತಿದ್ದರು. ನಾನು ಒತ್ತದೆ ಕೂತಾಗೆಲ್ಲ ಅವರ ಮುಖ ಬಾಡುವುದು ಕಾಣುತ್ತಿತ್ತು. ಪರೀಕ್ಷೆಯ ಗೆರೆ ಕಾಗದದ ಮೇಲೆ ಅರ್ಧದವರೆಗೂ ನೆಟ್ಟಗೆ ಹೋಗಿ, ಆಮೇಲೆ ಮೆಟ್ಟಿಲು ತಪ್ಪಿದವರ ಹಾಗೆ ಕೆಳಗೆ ಬಿದ್ದಿದೆ.

ಮಿಷನ್ ಹಾಕಿಕೊಂಡರೆ ಮಾತು ಚೆನ್ನಾಗಿ ಕೇಳುತ್ತದಂತೆ. ರೆಕಾರ್ಡಿನ ಸಣ್ಣ ಸದ್ದಿಗೆ ಅದನ್ನು ನಂಬಬೇಡಿ ಎಂದಳು. ಆ ಕಿವಿ ಇನ್ನು ಬರುವುದಿಲ್ಲ.

“ಎಷ್ಟು ದಿನದಿಂದ ಹೀಗಿರಬಹುದು?” ಎಂದು ಅತ್ತೆ ಕೇಳಿದರು.

“ಎರಡು ಮೂರು ವರ್ಷವಾದ್ರೂ ಆಗಿರತ್ತೆ. ಇವರಿಗೆ ಗೊತ್ತಾಗಿರಲ್ಲ, ಮನೆಯವರಿಗೆ ಗೊತ್ತಾಗಿರತ್ತೆ. ಮೆಲ್ಲಗೆ ಮಾತಾಡೋ ಹೆಂಗಸರ ದನಿ ಮೊದಲು ಹೋಗತ್ತೆ. ಬೆನ್ನ ಹಿಂದಿನಿಂದ ಕರೆದ್ರಂತೂ ಕೇಳ್ಸೋದೇ ಇಲ್ಲ.”

ಅತ್ತೆ ಹೊರಗೆ ಬಂದು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತರು. ನಮ್ಮ ಬಸ್ಸು ಬಂತು, ಏಳಲಿಲ್ಲ. ಹೋಯಿತು.

“ಹಾಗಾದ್ರೆ ಕೋಪ ಅಲ್ವಾ?” ಎಂದರು.

“ಯಾವ ಕೋಪ ಅತ್ತೆ?”

“ಅವನು ಹೋದ ಮೇಲೆ ನೀನು ನನಗೆ ಓಗೊಡೋದೇ ಬಿಟ್ಟೆ. ಅಡುಗೆಮನೆಯಿಂದ ಕರೀತಿದ್ದೆ, ಹಿಂದೆ ಬಂದು ನಿಂತು ಕರೀತಿದ್ದೆ, ತಿರುಗ್ತಾನೇ ಇರಲಿಲ್ಲ. ಮಗನೇ ಇಲ್ಲ, ಇನ್ನು ಈ ಮುದುಕಿ ಯಾತಕ್ಕೆ ಅಂತ ಇರಬಹುದು ಅಂದ್ಕೊಂಡೆ. ಬಾಯಿಬಿಟ್ಟು ಹೋಗಿ ಅನ್ನೋಕೆ ಆಗದೆ ಸುಮ್ಮನಿದಾಳೆ ಅಂದ್ಕೊಂಡೆ. ಕರೆಯೋದನ್ನೇ ಬಿಟ್ಟೆ.”

ಅವರೇ ಮಾತು ಬಿಟ್ಟರು ಎಂದು ನಾನು ಮೂರು ವರ್ಷ ಮುನಿಸಿಕೊಂಡಿದ್ದೆ. ಅವರು ಒಂದೇ ಸಮ ಕರೆದಿದ್ದಾರೆ, ನಾನು ಬೆನ್ನು ಹಾಕಿಕೊಂಡು ಕೂತಿದ್ದೇನೆ. ಕರೆದು ಕರೆದು ಸೋತು, ಆಮೇಲೆ ದಿನಾ ಚಹಾ ಮಾಡಿ ತಂದಿಟ್ಟು, ಮಾತಿಲ್ಲದೆ ಹೋಗಿದ್ದಾರೆ. ಬಸ್ ನಿಲ್ದಾಣ ಎಂದೂ ನೋಡದೆ ಇಬ್ಬರೂ ಅತ್ತೆವು. ಅವರ ಮಗ ಹೋದಾಗ ನಾವು ಒಟ್ಟಿಗೆ ಅತ್ತಿರಲಿಲ್ಲ, ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಅತ್ತಿದ್ದೆವು.

ಏಪ್ರಿಲ್ ೧೩, ಶನಿವಾರ

ಕೊಂಡವರಿಗೆಲ್ಲ ಬರೆದು ಕಳಿಸಿದೆ. ನನ್ನ ಕಿವಿ ಕೆಟ್ಟಿದೆ, ಈಚೆಗೆ ಕೊಟ್ಟ ದರ್ಜೆ ತಪ್ಪು, ಬೇಡದವರು ಹಿಂದಕ್ಕೆ ಕಳಿಸಬಹುದು ಎಂದು. ಕೆಲವರು ಉತ್ತರವನ್ನೇ ಕೊಡಲಿಲ್ಲ, ಅವರು ಹೋದ ಹಾಗೆಯೇ. ಒಬ್ಬನಂತೂ ಕಿವುಡಿಗೆ ಹಾಡಿನ ಅಂಗಡಿ ಯಾಕೆ ಎಂದು ಬರೆದಿದ್ದಾನೆ. ಅದನ್ನು ಅತ್ತೆಗೆ ತೋರಿಸಬಾರದಿತ್ತು. ಅವನ ಫೋನ್ ನಂಬರು ಕೊಡು ಎಂದು ಹಟ ಹಿಡಿದಿದ್ದಾರೆ.

ಹಲ್ಲು ಡಾಕ್ಟರಿಗೆ ಮಾತ್ರ ಫೋನನ್ನೇ ಮಾಡಿದೆ. ಎಲ್ಲ ಕೇಳಿಸಿಕೊಂಡು, “ಇನ್ಮೇಲೆ ಯಾರು ಕೇಳ್ತಾರೆ?” ಎಂದರು.

“ನಮ್ಮತ್ತೆ.”

“ಅವರಿಗೆ ಪಂಕ್ ಇಷ್ಟಾನಾ?”

ಅತ್ತೆಗೆ ಫೋನು ಕೊಟ್ಟೆ. ಎಷ್ಟು ಹೊತ್ತು ಮಾತಾಡಿದರೋ! ಒಂದು ಹಾಡಿನ ಹುಡುಗನಿಗೆ ಕೆಲಸ ಸಿಕ್ಕಿತೇ ಎಂದು ವಿಚಾರಿಸುತ್ತಿದ್ದುದು ಮಾತ್ರ ನನಗೆ ತಿಳಿಯಿತು. ಫೋನು ಹಿಂದಕ್ಕೆ ಬಂದಾಗ ಡಾಕ್ಟರು, “ಅವರು ಗುಡ್ ಅಂದ್ರೂ ನಾನು ತಗೋತೀನಿ,” ಎಂದರು.

ಹೊಸ ಚೀಟಿ ಅಚ್ಚು ಹಾಕಿಸಿದ್ದೇನೆ. ದರ್ಜೆಯ ಕೆಳಗೆ ಎರಡು ಸಾಲು: ನೋಡಿದವಳು ನಾನು. ಕೇಳಿದವರು ನಮ್ಮತ್ತೆ. ಒಂದನ್ನು ಮೊಳೆಗೆ ಕಳಿಸಿದೆ.

ಮೇ ೩, ಶುಕ್ರವಾರ

ಚೀಟಿ ಕಂಡು ಮೊಳೆ ಒಪ್ಪಿದ. ಕಪಾಟು ಬಂದು ನಾಲ್ಕು ದಿನವಾಯಿತು, ಇಷ್ಟರಲ್ಲೇ ಮನೆ ರಣರಂಗ. ಮೊಳೆಯ ತಂಡದ ಆ ಸವೆದ ರೆಕಾರ್ಡಿಗೆ ಅಂಟಿನ ಸ್ನಾನ ಮಾಡಿಸಿ ಇವತ್ತು ಹಾಕಿದೆವು. ಅತ್ತೆ ಹೆಡ್‌ಫೋನ್ ತೆಗೆದು ವಿಜಿ ಪ್ಲಸ್ ಎಂದರು. ದೀಪದ ಕೆಳಗೆ ಹಿಡಿದು ತೋರಿಸಿದೆ, ಈ ಗೀರಿಗೆ ಉಗುರು ಸಿಕ್ಕಿಕೊಳ್ಳುತ್ತದೆ, ಇದು ವಿಜಿಗಿಂತ ಕೂದಲೆಳೆಯಷ್ಟೂ ಮೇಲಲ್ಲ ಎಂದೆ.

“ಮೊಳೆ ಎಷ್ಟು ಕಷ್ಟಪಟ್ಟು ನುಡಿಸಿದಾನೆ, ನಿನಗೆ ಕರುಳಿಲ್ವಾ?”

“ನುಡಿಸಿದ್ದಕ್ಕಲ್ಲ ಅತ್ತೆ ದರ್ಜೆ, ಪ್ಲೇಟಿಗೆ!”

“ನಿನಗೆ ಕಿವಿ ಇಲ್ಲ, ಸುಮ್ನಿರು.”

“ನಿಮಗೆ ಕಣ್ಣಿಲ್ಲ!”

ದಡಾರನೆ ಎದ್ದು ಅಡುಗೆಮನೆಗೆ ಹೋದರು. ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡರು. ಎಂಥ ಹೆಂಗಸಪ್ಪ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು. ಕಿವಿ ಮಿಷನ್ ಹಾಕಿಕೊಂಡಾಗಿನಿಂದ ಮನೆಯಲ್ಲಿ ನೆಮ್ಮದಿ ಎಂಬುದೇ ಇಲ್ಲ. ಚಮಚ ಬಿದ್ದರೂ ಬೆಚ್ಚಿಬೀಳುತ್ತೇನೆ. ನಾನು ಬೆನ್ನು ಹಾಕಿ ಕೂತು ಚೀಟಿ ಬರೆಯುತ್ತಿದ್ದೆ. ಎರಡು ಕೋಣೆ ಆಚೆಯಿಂದ ಕರೆದರು. ಸುಮ್ಮನಿದ್ದೆ. ಮತ್ತೆ ಕರೆದರು.

“ಏ ಹುಡುಗೀ, ಚಹಾ ಆಗಿದೆ! ಕರೆದಿದ್ದು ಕೇಳಿಸ್ತೋ ಇಲ್ವೋ?”

“ಕೇಳಿಸ್ತು!”

“ಮತ್ತೆ ಯಾಕೆ ಬರಲ್ಲ?”

“ಕೋಪ ಬಂದಿದೆ, ಅದಕ್ಕೆ!”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಆಮೇಲೆ ಅತ್ತೆಯ ದನಿ ಬಂತು, ಅಷ್ಟು ಮೆಲ್ಲಗೆ ಹೇಳಿದ್ದೂ ನನಗೆ ಕೇಳಿಸಿಬಿಟ್ಟಿತು.

“ಹಾಗೆ ಬಾಯಿಬಿಟ್ಟು ಹೇಳು ಮತ್ತೆ.”

ಎದ್ದು ಹೋಗಿ ಚಹಾ ಕುಡಿದೆ. ಇಬ್ಬರೂ ಮುಖ ಊದಿಸಿಕೊಂಡೇ ಇದ್ದೆವು. ನಾಳೆ ಆ ರೆಕಾರ್ಡನ್ನು ಇನ್ನೊಮ್ಮೆ ಹಾಕಿಸಬೇಕು. ಅದು ವಿಜಿಯೇ.